ಮಂಜಿನಲ್ಲಿ ಹಾಕಿದ ತೋಟ

ಮಾಗಿ ಚಳಿಯ ಬೆಳಗಿನಲ್ಲಿ ತೋಟದ ಪ್ಲಾನ್ ಹಾಕಲು ಹೋದವರ ಎದೆ ಒಂದಲ್ಲ ಒಂದು ಸಲ ಝಲ್ ಅನ್ನುವುದು ಇದ್ದದ್ದೇ. ನನಗಂತೂ ಒಂದೇ ಹೊಲದಲ್ಲಿ ಮತ್ತೆ ಮತ್ತೆ ಆಯಿತು.

ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ತೆಂಗಿಗೆ ನುಸಿರೋಗ ಹೊಸದಾಗಿ ಬಂದಿದ್ದ ಕಾಲ. ಹಂದನಕೆರೆ ಕಡೆಯ ಗೆಳೆಯನೊಬ್ಬ, ಎಲ್ಲರೂ ಬೇಡವೆಂದರೂ, ರಾಗಿ ಹೊಲವನ್ನು ತೋಟ ಮಾಡಲು ಹೊರಟಿದ್ದ. "ಕುಯ್ಲು ಮುಗೀತು, ಈಗ ನೆಲದ ಮೈಕಟ್ಟು ಚೆನ್ನಾಗಿ ಕಾಣ್ತದೆ. ಒಂದು ನಕ್ಷೆ ಬರ್ಕೊಡಯ್ಯ. ಬರೀ ತೆಂಗಲ್ಲ, ಹೂವು, ದಾರಿ, ಕೂರೋಕೊಂದು ಕಟ್ಟೆ, ಎಲ್ಲ ಚೆಂದ ಇರ್ಬೇಕು" ಅಂದ. ಸ್ಕೂಲಿಗೆ ಮುಂಚೆ, ಮಂಜು ಇಳಿಯುವಾಗಲೇ ಹೋಗುತ್ತಿದ್ದೆ.

ಸಾಲಾಗಿ ನಿಂತವರು

ಮರ ಬೆಳೆದ ಮೇಲೆ ಹೇಗೆ ಕಂಡೀತು ಅಂತ ನೋಡಲು ಉದ್ದನೆಯ ಗಳುಗಳನ್ನು ನೆಟ್ಟು, ತುದಿಗೆ ಹಳೇ ಪಂಚೆಯ ಚೂರು ಕಟ್ಟಿ ಬಂದಿದ್ದೆವು. ಮರುದಿನ ಹೋದರೆ ಹೊಲದ ತುಂಬ ಬಿಳಿ ರುಮಾಲಿನವರು ಸಾಲಾಗಿ, ಮಾತಿಲ್ಲದೆ ನಿಂತಿದ್ದಾರೆ. ನೆಟ್ಟವರು ನಾವೇ ಅಂತ ಗೊತ್ತಿದ್ದೂ ನನ್ನ ಕಾಲು ಮುಂದಕ್ಕೆ ಬರಲಿಲ್ಲ.

ಹೊಲದಂಚಿನ ಮನೆಯ ಬಾಗಿಲಲ್ಲಿ ಗೆಳೆಯನ ತಾಯಿ ನಿಂತು ಸೊಸೆಯನ್ನು ಕೂಗುತ್ತಿದ್ದರು: "ಬಾಳ ಜನ ಬಂದವ್ರೆ ಕಣೇ! ಕಾಫಿಗೆ ಇನ್ನೊಂದು ತಂಬಿಗೆ ನೀರು ಹಾಕು!"

ಎಡಕ್ಕೆ

ಸಾಲು ಗುರುತಿಸಲು ಹಗ್ಗದ ಆ ತುದಿಯಲ್ಲಿ ಗೆಳೆಯ, ಈ ತುದಿಯಲ್ಲಿ ನಾನು. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ಇನ್ನೂ ಸ್ವಲ್ಪ ಎಡಕ್ಕೆ" ಅಂತ ದನಿ ಬಂತು. ಸರಿದೆ. "ಇನ್ನೂ." ಮತ್ತೆ ಸರಿದೆ. ಸಾಕಾಗಿ ಹಗ್ಗ ಹಿಡಿದುಕೊಂಡೇ ಅವನ ಹತ್ತಿರ ಹೋಗಿ, "ಅದೆಷ್ಟು ಎಡಕ್ಕಯ್ಯಾ?" ಅಂದೆ.

"ನಾನೆಲ್ಲಿ ಬಾಯಿ ಬುಟ್ಟೆ? ನೀನೇ ತಾನೆ ಹೇಳ್ತಿದ್ದಿದ್ದು?"

ಅಷ್ಟರಲ್ಲಿ ಮಗ್ಗುಲಿಂದಲೇ ಅದೇ ದನಿ: "ಇನ್ನೂ ಸ್ವಲ್ಪ." ಗೆಳೆಯ ನನ್ನ ತೋಳು ಹಿಡಿದುಕೊಂಡ. ಮಂಜು ತೆಳುವಾದಾಗ ನೋಡಿದರೆ, ಬೇಲಿಯಾಚೆ ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತಿದ್ದ ಪಕ್ಕದ ಹೊಲದ ಯಜಮಾನರು.

"ನಾನೇ ಕಣಪ್ಪ. ಗಿಡ ಅಲ್ಲಿಟ್ರೆ ನಾಳೆ ನೆರಳು ನನ್ನ ಹೊಲಕ್ಕೆ ಬೀಳ್ತದೆ. ಹೇಳಿದ್ಹಂಗೆ ಸರಿದ್ರಿ, ಬಾಳ ಒಳ್ಳೇರು."

ಅಮ್ಮನ ಜಾಗ

ಹೊಲದ ಮೂಲೆಯಲ್ಲಿ ಗೆಳೆಯನ ತಂದೆಯ ಸಮಾಧಿಯಿತ್ತು. ಸುತ್ತ ಮಲ್ಲಿಗೆ ಬಳ್ಳಿ, ಪಕ್ಕದಲ್ಲೊಂದು ತೆಂಗು ಅಂತ ನಕ್ಷೆ ಬರೆದು, ಅಲ್ಲೊಂದು ಗೂಟ ಹೊಡೆದಿದ್ದೆ. ಒಂದು ಬೆಳಗ್ಗೆ ಇಬ್ಬರೂ ಅತ್ತ ಹೋದರೆ, ಆ ಗೂಟದ ಬುಡದಲ್ಲಿ ಯಾರೋ ತಲೆಯವರೆಗೂ ಬಿಳಿ ದುಪಟಿ ಹೊದ್ದು ಅಂಗಾತ ಮಲಗಿದ್ದಾರೆ. ಅಲುಗಾಟವಿಲ್ಲ.

ಗೆಳೆಯ ನಡುಗುವ ದನಿಯಲ್ಲಿ, "ಅಪ್ಪಾ..." ಅಂದ.

"ನಿಮ್ಮಪ್ಪ ಒಳಗವ್ರೆ. ನಾನು ಕಣ್ಲಾ" ಅಂತ ದುಪಟಿ ಸರಿಸಿ ಅವನ ತಾಯಿ ಎದ್ದು ಕೂತರು. "ನಾಳೆ ನನ್ನನ್ನೂ ಇಲ್ಲೇ ತಾನೆ ಮಲಗ್ಸೋದು? ಹೆಂಗದೆ ಅಂತ ನೋಡ್ತಿದ್ದೆ. ಮೇಷ್ಟ್ರೇ, ಜಾಗ ಚೆನ್ನಾಗದೆ, ಆದ್ರೆ ಈ ತೆಂಗು ಬ್ಯಾಡ. ಕಾಯಿ ನೆಟ್ಟಗೆ ನನ್ನ ತಲೆ ಮೇಲೇ ಬೀಳ್ತದೆ."

ಗೆಳೆಯನ ಕಣ್ಣು ತುಂಬಿತು. "ಅದಕ್ಕಿನ್ನೂ ಬೇಕಾದಷ್ಟು ವರ್ಷ ಅದೆ, ಬುಡಮ್ಮ."

"ಮರ ಕಾಯಿ ಬುಡೋಕೂ ವರ್ಷ ಬೇಕಲ್ಲೇನ್ಲಾ!"