ರಾಕ್ಷಸನ ದಾಳ, ಅಂಜಲಿನ ತಲೆ

ಮಳೆಗಾಲದಲ್ಲಿ ಮಾಡು ಸೋರುವ ಹಾಗೆ, ನಮ್ಮ ಮನೆಯಲ್ಲಿ ನಗೆಯ ಪ್ರಸಂಗಗಳು ಒಂದಲ್ಲ ಒಂದು ಮೂಲೆಯಿಂದ ತೊಟ್ಟಿಕ್ಕುತ್ತಲೇ ಇರುತ್ತವೆ. ನಾನು ಮಾಡುವುದಿಷ್ಟೇ, ಕೆಳಗೆ ಪಾತ್ರೆ ಇಡುವುದು.

ನಾನು ಮೀನಿನ ಏಲಂ ಕೂಗುವವ. ನನ್ನ ಗಂಟಲನ್ನು ನಾನೇ ಹೊಗಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಬೋಟುಗಳು ಮೀನಿಳಿಸುವ ಗಂಗೊಳ್ಳಿ ದಕ್ಕೆಯಲ್ಲಿ ನಾನು ಕೂಗಿದರೆ ಹತ್ತಾರು ಮೈಲಿಯಾಚೆ ಬೈಂದೂರಿನಲ್ಲಿ ಕೂತವರು ಬೆಲೆ ಏರಿಸುತ್ತಿದ್ದರು.

೧. ಭಾವನ ಸವಾಲು

ಮೊಬೈಲಿನಲ್ಲಿ ಆಟವೆಂದರೆ ಹಾವೊಂದೇ ಇದ್ದ ಕಾಲ. ಬೋಟುಗಳೆಲ್ಲ ದಡ ಸೇರಿದ್ದ ಒಂದು ಮಳೆಗಾಲ, ಮುಂಬಯಿ ಹೋಟೆಲಿನಲ್ಲಿದ್ದ ಭಾವ, ಅಂದರೆ ಹೆಂಡತಿಯ ಅಣ್ಣ, ಒಂದು ವಾರಕ್ಕೆಂದು ಬಂದ. ಕೈಯಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ವಿಡಿಯೋ ಗೇಮ್. ಗುಂಡಿ ಒತ್ತಿದರೆ ದಾಳ ಉರುಳುತ್ತದೆ. ದಾಳ ಬಿಚ್ಚಿಕೊಂಡು ಆರು ಚೌಕದ ದಾರಿಯಾಗುತ್ತದೆ. ಒಳಗಿಂದೊಬ್ಬ ರಾಕ್ಷಸ ಹೊರಗೆ ಬರುತ್ತಾನೆ. ಅವನನ್ನು ಆ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಗೇಮಿನೊಳಗಿನ ಎದುರಾಳಿಯ ಕೋಟೆಗಳನ್ನು ಒಂದೊಂದಾಗಿ ಒಡೆಯಬೇಕು.

"ಕಡೇ ಕೋಟೆ ರಾಕ್ಷಸನ್ನ ಸೋಲ್ಸುಕೆ ನನ್ ಹತ್ರವೇ ಆಯ್ಲಿಲ್ಲ, ಭಾವ" ಎಂದ.

"ಆಯ್ತವಾರದ ಊಟಕ್ಕ್ ಮುಂಚೆ ಅವನ್ ತಿಥಿ ಮಾಡ್ತೆ, ಕಾಣ್" ಎಂದೆ.

"ಆಯ್ಲಿಲ್ಲ ಅಂದ್ರೆ, ನಾನ್ ಊರಿಗ್ ಬಂದಾಗೆಲ್ಲ ಅಂಜಲ್ ತಲಿ ನಂಗೆ!"

ನೋಡಿ, ಅಂಜಲ್ ಮೀನಿನ ತಲೆ ಅಂದರೆ ಸಾಮಾನ್ಯವಲ್ಲ. ಸಾರಿನಲ್ಲಿ ಬೆಂದ ಆ ತಲೆ ಇಪ್ಪತ್ತು ವರ್ಷದಿಂದ ನನ್ನ ಬಟ್ಟಲು ಬಿಟ್ಟು ಬೇರೆ ಬಟ್ಟಲು ಕಂಡದ್ದಿಲ್ಲ. ಆದರೂ ಎದೆ ತಟ್ಟಿ ಒಪ್ಪಿದೆ. ಭಾವ ಸ್ನಾನಕ್ಕೆ ಹೋದ ಮೇಲೆ ಹೆಂಡತಿಯನ್ನು ಮೆಲ್ಲಗೆ ಕೇಳಿದೆ, "ಹ್ವಾಯ್, ಇದನ್ನ ಹಿಡ್ಕಂಬುದ್ ಯಾವ್ ಬದಿಯಗೆ?"

೨. ರಸ್ತೆ ಕಾಮಗಾರಿ

ಎರಡು ದಿನದಲ್ಲಿ ನಾನು ಎಂಥಾ ಆಟಗಾರನಾದೆನೆಂದರೆ, ಹೆಬ್ಬೆರಳು ತಾಗುವ ಮೊದಲೇ ದಾಳ ಹೆದರಿ ಉರುಳುತ್ತಿತ್ತು. ಚೌಕಕ್ಕೆ ಚೌಕ ಸೇರಿಸಿ, ಎದುರಾಳಿಯ ಕೋಟೆಯ ಬಾಗಿಲಿನ ತನಕ ಹೆದ್ದಾರಿಯಂಥ ದಾರಿ ಹಾಕಿದೆ. ಒಂದು ವಿಷಯ ಮಾತ್ರ ತಲೆಗೆ ಹೊಳೆಯಲಿಲ್ಲ. ನಾನು ಹೋಗುವ ದಾರಿಯಲ್ಲಿ ಅವನೂ ಬರಬಹುದು. ನನ್ನ ರಾಕ್ಷಸ ಇನ್ನೂ ಹೊರಡುವ ಮೊದಲೇ ಅವನ ಮೂರು ರಾಕ್ಷಸರು ಮದುವೆ ದಿಬ್ಬಣದ ಹಾಗೆ ಸಾಲಾಗಿ ಬಂದು ನನ್ನ ಕೋಟೆ ಒಡೆದರು.

ಹೆಂಡತಿ ಸೌಟು ಹಿಡಿದು ನಿಂತು ನೋಡುತ್ತಿದ್ದಳು. ನಮ್ಮ ಅಂಗಳದಿಂದ ಬಾವಿಯ ತನಕ ಮೊಣಕಾಲುದ್ದ ಕೆಸರು.

"ಬಾಯಿಕಟ್ಟೆಗ್ ಹೋಪುಕೆ ನಾಕ್ ಕಲ್ಲ್ ಹಾಕಿ ಅಂತ ಮೂರ್ ವರ್ಷದಿಂದ ಹೇಳ್ತಿದ್ದೆ" ಎಂದಳು. "ನಂಗ್ ಹಾಕ್ಲಿಲ್ಲ. ರಾಕ್ಷಸಂಗಾದ್ರೆ ಮನಿ ಬಾಗಿಲ್ ತನ್ಕ ರೋಡ್ ಮಾಡ್ಸಿ ಕೊಟ್ರಿ!"

೩. ಬೆಚ್ಚಗಿನ ಬ್ಯಾಟರಿ

ಶುಕ್ರವಾರ ಗೇಮಿನ ಎರಡೂ ಬ್ಯಾಟರಿ ಸೊರಗಿದವು. ಹೊಸದು ತರೋಣವೆಂದರೆ ರಸ್ತೆಯ ಮೇಲೆ ನೀರು, ಅಂಗಡಿಗೆ ಬೀಗ. ಬಿಸಿಲಿಗಿಟ್ಟರೆ ಬ್ಯಾಟರಿಗೆ ಸ್ವಲ್ಪ ಜೀವ ಬರುತ್ತದೆಂದು ರೇಡಿಯೋ ಇಟ್ಟುಕೊಂಡ ಯಾರಿಗಾದರೂ ಗೊತ್ತು. ಆದರೆ ಬಿಸಿಲು ಎಲ್ಲಿದೆ? ಎರಡನ್ನೂ ಒಲೆಯ ಮೇಲಿನ ಅಟ್ಟದಲ್ಲಿ, ಒಣಮೀನಿನ ಪಕ್ಕದಲ್ಲಿ ಬೆಚ್ಚಗೆ ಮಲಗಿಸಿದೆ.

ಸಂಜೆಗೆ ತೆಗೆದು ಹಾಕಿದರೆ, ಆಟ ಶುರುವಾಯಿತು! ಒಣಮೀನಿನ ವಾಸನೆಯೂ ಶುರುವಾಯಿತು. ನಮ್ಮ ಬೆಕ್ಕು ಬಂದು ನನ್ನ ತೊಡೆಯೇರಿ, ಮೀಸೆ ನೆಟ್ಟಗೆ ಮಾಡಿಕೊಂಡು ಪರದೆಯನ್ನೇ ನೋಡುತ್ತಾ ಕೂತಿತು. ಅಮ್ಮ ಬಂದು ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು.

"ಮಗಾ, ಅದಕ್ಕಾದ್ರೂ ಆಡುಕೆ ಕೊಡಾ" ಎಂದರು. "ಅದ್ರ್ ಮುಖದಗೆ ಒಂಚೂರ್ ಬುದ್ಧಿ ಕಾಣ್ತ್."

೪. ಮೂರನೇ ಸಲ

ಆಯ್ತವಾರ ಬಂತು. ನಾಡದೋಣಿಯವರೊಬ್ಬರು ಗಾಳಿ ನಿಂತ ಹೊತ್ತು ನೋಡಿ ಹಿಡಿದು ತಂದ ಅಂಜಲ್ ಒಲೆಯ ಮೇಲೆ ಕುದಿಯುತ್ತಿತ್ತು. ಒಳಗಿನ ಕೋಣೆಯಲ್ಲಿ ನಾನು ಕಡೇ ಕೋಟೆಯ ಮುಂದಿದ್ದೆ. ರಾಕ್ಷಸ ಸಾಯಲು ಒಂದು ಏಟು ಬಾಕಿ, ನಾನು ಸಾಯಲೂ ಒಂದೇ. ದಾಳದಲ್ಲಿ ಕತ್ತಿಯ ಗುರುತು ಬಿದ್ದರೆ ತಲೆ ನನ್ನದು, ಬೀಳದಿದ್ದರೆ ಭಾವನದ್ದು. ಅವನಾಗಲೇ ಬಟ್ಟಲು ತೊಳೆದುಕೊಂಡು ಕೂತಿದ್ದ.

"ಬೇಗ ಒತ್ತಿ ಭಾವ, ಸಾರ್ ತಣಿತ್ತ್!"

ಮೂರು ಸಲ ಕೂಗದೆ ಯಾವ ವ್ಯವಹಾರವನ್ನೂ ಮುಗಿಸಿ ಗೊತ್ತಿಲ್ಲದ ಬಾಯಿ ನನ್ನದು. ನನಗೇ ತಿಳಿಯದೆ ದಕ್ಕೆಯ ದನಿ ಹೊರಟಿತು: "ಒಂದ್ ಸಲಾ... ಎರಡ್ ಸಲಾ..." ಗುಂಡಿ ಒತ್ತಿದೆ. "ಮೂರ್ ಸಲಾ!"

"ನಂಗೇ!"

ಬಾಗಿಲು ದಡಾರನೆ ತೆರೆಯಿತು. ನನ್ನ ಏಲಂ ಕೂಗು ಕೇಳಿ ಓಡಿಬಂದ, ಮೀನು ಮಾರುವ ಪಕ್ಕದ ಮನೆಯಾಕೆ, ತಲೆಯಿಂದ ಕಾಲಿನ ತನಕ ಒದ್ದೆ, ಕಂಕುಳಲ್ಲಿ ಬುಟ್ಟಿ. ಬೆಚ್ಚಿಬಿದ್ದ ನನ್ನ ಕೈಯಿಂದ ಗೇಮ್ ಜಾರಿ, ಬ್ಯಾಟರಿ ಕಳಚಿ ಮಂಚದಡಿಗೆ ಉರುಳಿ, ಪರದೆ ಕಪ್ಪಾಯಿತು. ಕತ್ತಿ ಬಿತ್ತೋ ಇಲ್ಲವೋ ಆ ದೇವರಿಗೇ ಗೊತ್ತು.

"ಗೆದ್ದೆ!" ಎಂದೆ.

"ಸೋತ್ರಿ!" ಎಂದ ಭಾವ.

"ಎಂತ ಮಾಲ್ ಬಂತ್, ಅಣ್ಣಯ್ಯ?" ಎಂದಳು ಆಕೆ.

ಹೆಂಡತಿ ನಗು ತಡೆದುಕೊಂಡು ಪಂಥದ ಕತೆಯನ್ನೆಲ್ಲ ಹೇಳಿದಳು. ಆಕೆ ಬುಟ್ಟಿ ಕೆಳಗಿಟ್ಟು, ಸೆರಗು ಹಿಂಡಿ, ನನ್ನನ್ನೇ ಕೇಳಿದಳು.

"ಮೂರ್ನೇ ಸಲಕ್ಕ್ ದನಿ ಯಾರ್ದ್?"

"ನಿಂದೇ."

"ಹಂಗಾರ್ ದಕ್ಕಿ ಲೆಕ್ಕದಗೆ ಮಾಲ್ ಯಾರ್ದ್?"

ಬೇರೆ ಯಾರಾದರೂ ಕೂಗಿದ್ದರೆ ವಾದ ಮಾಡುತ್ತಿದ್ದೆ. ಕೂಗಿದವ ನಾನೇ. ಮಾತು ಹಿಂದಕ್ಕೆ ತೆಗೆದುಕೊಂಡರೆ ಮಳೆ ಕಳೆದ ಮೇಲೆ ದಕ್ಕೆಯಲ್ಲಿ ನನ್ನ ಕೂಗಿಗೆ ಒಂದು ಬುಟ್ಟಿ ಮೀನೂ ಮಾರಿಹೋಗುವುದಿಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು, ಅಂಜಲಿನ ತಲೆಯನ್ನು ಸೌಟಿನಲ್ಲಿ ಎತ್ತಿ ಬಟ್ಟಲಿಗೆ ಹಾಕಿ ಆಕೆಗೆ ಕೊಟ್ಟಳು.

ನಾನೂ ಭಾವನೂ ಬಾಲದ ತುಂಡು ಹಿಡಿದುಕೊಂಡು ನೋಡುತ್ತಾ ಕೂತೆವು. ಆಕೆ ಕಡೇ ಮುಳ್ಳಿನ ರಸವನ್ನೂ ಚೀಪಿ, ಬೆರಳು ನೆಕ್ಕಿ, ತೃಪ್ತಿಯಿಂದ ಕೇಳಿದಳು:

"ಹ್ವಾಯ್ ಅಣ್ಣಯ್ಯ, ನಾಳಿಗೂ ಆಟ ಇತ್ತಾ?"