ಊರು ಬಯ್ಯುವವನ ಮನೆ ಮಾರಾಟ

ರಾಮನಗರದ ಅನಂತರಾಜುವಿಗೆ ನಿಜ ಹೇಳುವ ಚಟವಿತ್ತು. ಕೋರ್ಟಿನ ಎದುರಿನ ಅವನ ಜೆರಾಕ್ಸ್ ಅಂಗಡಿಗೆ ಬಂದವರಿಗೆ ಎರಡು ಪ್ರತಿ ತೆಗೆದುಕೊಡುವಷ್ಟರಲ್ಲಿ ನಲ್ಲಿ, ಕರೆಂಟು, ಚರಂಡಿಗಳ ಚರಿತ್ರೆಯನ್ನೆಲ್ಲ ಒಪ್ಪಿಸಿಬಿಡುತ್ತಿದ್ದ. "ಜಿಲ್ಲೆ ಮಾಡವ್ರಂತೆ. ಬೋರ್ಡ್ ಬದಲಾಯ್ತು, ನೀರು ಅದೇ ಎಂಟು ದಿನಕ್ಕೊಂದ್ಸಲ" ಎನ್ನುತ್ತಿದ್ದ. ಮಾತು ಸುಳ್ಳಲ್ಲ. ಆದರೆ ಅದೇ ಮಾತು ಕೇಳಿ ಇಬ್ಬರು ಗಿರಾಕಿಗಳು ಅವನ ಮನೆ ಕೊಳ್ಳದೆ ವಾಪಸ್ಸಾಗಿದ್ದರು.

ಮೂರನೆಯವನು ಮಾಗಡಿಯ ಜಯಕುಮಾರ್, ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಭಾನುವಾರ ಮನೆ ನೋಡಲು ಬರುವವನಿದ್ದ. ಅನಂತರಾಜು ಮೈಸೂರಿನಲ್ಲಿ ಗೊತ್ತುಮಾಡಿದ್ದ ಅಂಗಡಿಯನ್ನು ಈ ಮನೆಯ ಅಡ್ವಾನ್ಸ್ ದುಡ್ಡಿನಿಂದ ಸೋಮವಾರದೊಳಗೆ ಹಿಡಿಯದಿದ್ದರೆ ಅದು ಬೇರೆಯವರ ಪಾಲು. ಹೆಂಡತಿ ಕೆಂಚಮ್ಮ ಅಂದು ಬೆಳಿಗ್ಗೆಯೇ ಗಂಡನ ಕೆನ್ನೆಗೆ ಟವೆಲ್ ಬಿಗಿದಳು.

"ಹಲ್ಲುನೋವು ಅಂತೀನಿ. ನೀವು ಬಾಯ್ ಬುಟ್ರೋ, ಮನೆ ಮಾರ್ದಂಗೇ."

ಮಾತಾಡಲು ಒಬ್ಬರು ಬೇಕಲ್ಲ. ಪಕ್ಕದ ಮನೆಯ ಬೋರಲಿಂಗಯ್ಯ ಮೇಷ್ಟ್ರನ್ನು ಕರೆದರು. ರಿಟೈರಾದವರು, ಊರಿನ ವಿರುದ್ಧ ಯಾರಾದರೂ ತುಟಿ ಎರಡು ಮಾಡಿದರೆ ಮೈಮೇಲೆ ಬೀಳುವವರು. "ಊರ್ನ ಬಯ್ಯೋದೂ ಒಂದೇ, ಹೆತ್ತವ್ವನ್ನ ಬಯ್ಯೋದೂ ಒಂದೇ" ಎಂದು ಅನಂತರಾಜುವಿನೊಂದಿಗೆ ದಿನವೂ ಜಗಳ ಕಾಯುತ್ತಿದ್ದರು.

ನೀರು ಬಿಡುವ ವಹಾಬನ ಕೈಕಾಲು ಹಿಡಿದು ಹನ್ನೊಂದಕ್ಕೆ ನೀರು ಬಿಡಿಸಿದ್ದಾಯಿತು. ಜಯಕುಮಾರ್ ನಲ್ಲಿ ತಿರುಗಿಸಿ ಮೆಚ್ಚುವಷ್ಟರಲ್ಲಿ ಎದುರುಮನೆಯ ಹನುಮಂತಮ್ಮ ಬಿಂದಿಗೆ ಹಿಡಿದು ಬೀದಿಗೆ ಬಂದಳು.

"ಇದೇನವ್ವ, ಬುಧ್ವಾರ ಬರೋ ನೀರು ಇವತ್ತೇ ಬಂದ್ಬುಟ್ಟೈತೆ? ಯಾರಾರ ಮಂತ್ರಿ ಬತ್ತಾವ್ರಾ?"

"ಆಯಮ್ಮಂಗೆ ವಾರದ್ ಲೆಕ್ಕ ತಪ್ಪೋಗೈತೆ" ಎಂದರು ಮೇಷ್ಟ್ರು, ನಿರಾಳವಾಗಿ.

ಕರೆಂಟು ಹೋಯಿತು. "ಬೆಟ್ಟದ್ ಗಾಳಿ ಇರೋವಾಗ ಫ್ಯಾನ್ ಯಾಕೆ ಸಾರ್?" ಎಂದರು ಮೇಷ್ಟ್ರು. ರೇಷ್ಮೆಗೂಡು ಬೇಯಿಸುವ ನಾತ ಕಿಟಕಿಯಿಂದ ನುಗ್ಗಿತು. "ನಮ್ ಹೆಣ್ಮಕ್ಳು ಉಡೋ ಸೀರೆ ಹುಟ್ಟೋದೇ ಇಂಗೆ ಸಾರ್." ಅನಂತರಾಜುವಿನೊಳಗೆ ನಿಜಗಳು ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತಿದ್ದವು.

"ಮನೆ ಯಾಕೆ ಮಾರ್ತಿದ್ದೀರಿ?" ಎಂದು ಜಯಕುಮಾರ್ ಅವನನ್ನೇ ಕೇಳಿದ. ಅನಂತರಾಜು ಕೆನ್ನೆಯ ಟವೆಲ್ ತೋರಿಸಿದ.

"ಊರು ಒಸಿ ನೋಡ್ಕಂಡ್ ಬರಾನ ಬನ್ನಿ ಸಾರ್" ಎಂದು ಮೇಷ್ಟ್ರು ಜಯಕುಮಾರನನ್ನು ಹೊರಗೆ ಕರೆದೊಯ್ದರು. ಅನಂತರಾಜುವಿಗೆ ಕಣ್ಣು ತುಂಬಿ ಬಂತು. ಇಂಥ ದೇವರಂಥ ಮನುಷ್ಯರೊಂದಿಗೆ ಇಷ್ಟು ವರ್ಷ ಜಗಳವಾಡಿದೆನಲ್ಲ ಎಂದು ನಿಜಕ್ಕೂ ನೊಂದುಕೊಂಡ.

ಸಂಜೆ ಮೇಷ್ಟ್ರು ಒಬ್ಬರೇ ಬಂದರು, ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ.

"ಅಡ್ವಾನ್ಸ್ ಆಯ್ತು ಕಣಪ್ಪ."

ಕೆಂಚಮ್ಮ ಗೋಡೆಯ ದೇವರಪಟಕ್ಕೆ ಕೈಮುಗಿದಳು. "ಎಲ್ಲಿ ಮೇಷ್ಟ್ರೇ, ಕೊಡಿ."

"ನಿಂಗಲ್ಲ ಕಣವ್ವ, ನಂಗೆ. ನಮ್ ಮನೆ ತಗಂಡ್ರು. ನಿಮ್ ಯಜಮಾನ್ರು ಊರ್ ಬಗ್ಗೆ ಒಂದ್ ಒಳ್ಳೆ ಮಾತೂ ಆಡ್ಲಿಲ್ವಲ್ಲ, ಆ ಮನೇಲಿ ಏನೋ ಮುಚ್ಚಿಡ್ತಾವ್ರೆ ಅಂದ್ಬುಟ್ರು."

ಅನಂತರಾಜು ಟವೆಲ್ ಕಿತ್ತೆಸೆದ. "ನೀವು ಸಾಯೋಗಂಟ ಈ ಊರ್ ಬುಡಾಕಿಲ್ಲ ಅಂತಿದ್ರಲ್ಲ ಮೇಷ್ಟ್ರೇ?"

"ಹನ್ನೆರಡು ವರ್ಸದಿಂದ ಗಿರಾಕಿ ಹುಡುಕ್ತಾ ಇವ್ನಿ ಕಣಪ್ಪ. ಮಾರೋ ಮನೆ ಮಡೀಕಂಡು ಯಾವನಾರ ಊರ್ ಬಯ್ತಾನಾ?"

ಪೊಟ್ಟಣವನ್ನು ಕೆಂಚಮ್ಮನ ಕೈಗಿಟ್ಟು ಮೆಟ್ಟಿಲಿಳಿದರು. ಗೇಟಿನವರೆಗೆ ಹೋದವರು ತಿರುಗಿ ಬಂದು, ದನಿ ತಗ್ಗಿಸಿ ಕೇಳಿಕೊಂಡರು:

"ಬರೋ ತಿಂಗ್ಳು ರಿಜಿಸ್ಟ್ರೇಶನ್ನು. ಅಲ್ಲೀಗಂಟ ಅವ್ರು ಬಂದಾಗೆಲ್ಲ ನೀನೂ ಊರ್ನ ಒಸಿ ಹೊಗಳಪ್ಪ."