ಆಯುಧಪೂಜೆ ಪಿಚ್ಚರಿಗೆ ನನ್ನ ಬಾಯಿ

ಬಾಯಿ ಸುಮ್ಮನಿರದವರನ್ನು ಇಂಥ ಪ್ರಸಂಗಗಳು ವಿಳಾಸ ಕೇಳದೆಯೇ ಹುಡುಕಿಕೊಂಡು ಬರುತ್ತವೆ. ನನ್ನನ್ನಂತೂ ಆಯುಧಪೂಜೆಯ ದಿನವೇ ಹಿಡಿಯುತ್ತಿದ್ದವು.

ತೊಂಬತ್ತರ ದಶಕದ ಮಾತು. ಪೀಣ್ಯದ ಒಂದು ಮೋಟಾರ್ ಕಾರ್ಖಾನೆಯಲ್ಲಿ ನನ್ನದು ಕಾಯಿಲ್ ಸುತ್ತುವ ಕೆಲಸ. ಹಬ್ಬದ ದಿನ ಮೆಷಿನ್ನುಗಳಿಗೆ ಪೂಜೆ ಮಾಡಿ, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿದ ಮೇಲೆ ಕ್ಯಾಂಟೀನಿನಲ್ಲಿ ಬಾಡಿಗೆ ಟೀವಿ, ವಿಸಿಆರ್ ಇಟ್ಟು ಪಿಚ್ಚರ್ ಹಾಕುತ್ತಿದ್ದರು. ಪ್ರತಿ ವರ್ಷವೂ ಅದೇ ಹಳೇ ಭಕ್ತಿ ಪಿಚ್ಚರ್. ಋಷಿ, ರಾಕ್ಷಸ, ಅಳುವ ಸೊಸೆ, ಬೈಯುವ ಅತ್ತೆ ಎಲ್ಲರೂ ಅದರಲ್ಲಿದ್ದರು. ನಮ್ಮ ಓನರ್ ಅವರ ತಾಯಿಗೆ ಅದೆಂದರೆ ಪ್ರಾಣವಂತೆ. ನಮಗೆ ಅದರ ಬಿಕ್ಕಳಿಕೆಗಳೂ ಬಾಯಿಪಾಠವಾಗಿದ್ದವು.

ಋಷಿಗಳ ಬಸ್ಸು

ಒಂದು ವರ್ಷ ಪಿಚ್ಚರ್ ಶುರುವಾಯಿತು, ಸೌಂಡೇ ಇಲ್ಲ. ಟೀವಿ ತಂದವನು ವೈರು ಕಿತ್ತು ಹಾಕುತ್ತಾ, ಮತ್ತೆ ಸಿಕ್ಕಿಸುತ್ತಾ ಒದ್ದಾಡುತ್ತಿದ್ದ. ಕ್ಯಾಂಟೀನ್ ಅಕ್ಕ ಪೂಜೆಯ ಮೈಕ್ ತಂದು ನನ್ನ ಕೈಗಿಟ್ಟಳು.

"ಎಂಗೂ ನೀನು ಸುಮ್ಕಿರಾಕಿಲ್ಲ. ಏನಾರ ಯೋಳು."

ತೆರೆಯ ಮೇಲೆ ಉದ್ದ ಗಡ್ಡದ ಋಷಿ ಒಂಟಿಕಾಲಲ್ಲಿ ನಿಂತಿದ್ದರು. ನಾನು ಶುರು ಮಾಡಿದೆ. "ಇವರು ಮಾಕಳಿ ಬಸ್ಸಿಗೆ ಕಾಯ್ತಾ ಇದ್ದಾರೆ. ಸ್ಟಾಪಿಗೆ ಬಂದಾಗ ಇವರಿಗೆ ಗಡ್ಡ ಇರಲಿಲ್ಲ."

ಮಾಕಳಿಯಿಂದ ಬರುವ ನಾವಷ್ಟೂ ಹೆಂಗಸರು ಬೆಂಚು ಗುದ್ದಿ ನಕ್ಕೆವು. ಅಷ್ಟರಲ್ಲಿ ಹೊಗೆಯ ನಡುವೆ ದೇವರು ಕಾಣಿಸಿಕೊಂಡು, ಕೈ ಎತ್ತಿ, ಮಾಯವಾದ. ನಾನೆಂದೆ, "ಬಸ್ ಬಂತು. ರಶ್ಶು, ಹಿಂದಿನದ್ರಲ್ಲಿ ಬಾ ಅಂತ ಹೇಳಿ ಹೋಯ್ತು."

ಅದೇ ಹೊತ್ತಿಗೆ ಟೀವಿಯವನು ಸೌಂಡ್ ಸರಿ ಮಾಡಿಬಿಟ್ಟ. ಚಪ್ಪಾಳೆ ಬೀಳುತ್ತದೆ ಅಂತ ಹೆಮ್ಮೆಯಿಂದ ತಿರುಗಿ ನೋಡಿದ. ಇಡೀ ಕ್ಯಾಂಟೀನು ಕೂಗಿತು: "ಆಫ್ ಮಾಡೋ ಗುರು!"

ರಾಕ್ಷಸನ ವರ

ಮರುವರ್ಷ ಸೌಂಡ್ ಬೇಕೆಂದೇ ಬಂದ್. ಪಕ್ಕದ ಕಾರ್ಖಾನೆಯವರೂ ಕಾಂಪೌಂಡ್ ಮೇಲೆ ಹತ್ತಿ ಕೂತಿದ್ದರು.

ರಾಕ್ಷಸರಾಜ ಮಂಡಿಯೂರಿ ದೇವರ ಹತ್ತಿರ ವರ ಕೇಳುವ ಸೀನು. ನಾನು ಗಂಟಲು ದಪ್ಪ ಮಾಡಿಕೊಂಡೆ. "ಪ್ರಭೂ, ನಂಗೆ ಫಸ್ಟ್ ಶಿಫ್ಟಲ್ಲೂ ಕೆಲಸ ಇರಬಾರದು, ಸೆಕೆಂಡ್ ಶಿಫ್ಟಲ್ಲೂ ಇರಬಾರದು. ಒಳಗೂ ಇರಬಾರದು, ಹೊರಗೂ ಇರಬಾರದು. ಕೈಯಿಂದಲೂ ಮಾಡಬಾರದು, ಮೆಷಿನ್ನಿಂದಲೂ ಮಾಡಬಾರದು. ಆದ್ರೆ ಸಂಬಳ ಮಾತ್ರ ಬರಬೇಕು."

ದೇವರು ಕೈ ಎತ್ತಿದ. "ತಥಾಸ್ತು. ಹೋಗು, ಸೂಪರ್‌ವೈಸರ್ ಆಗು."

ನಗು ತಗಡಿನ ಸೂರಿಗೆ ಬಡಿಯಿತು. ಆಮೇಲೆ ಒಮ್ಮೆಲೇ ನಿಂತಿತು. ಮುಂದಿನ ಸಾಲಿನಿಂದ ನಮ್ಮ ಸೂಪರ್‌ವೈಸರ್ ಎದ್ದು ನಿಂತಿದ್ದರು. ನಾನು ಮೈಕನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಅವರು ಗಂಭೀರವಾಗಿ ಹೇಳಿದರು, "ವರದಲ್ಲಿ ಓವರ್‌ಟೈಮ್ ಕೇಳೋದು ಮರ್ತೆಯಲ್ಲಮ್ಮ."

ಮೈಕ್ ಮುಟ್ಟಬೇಡ್ರಿ

ಮೂರನೇ ವರ್ಷ ಧಾರವಾಡದ ಕಡೆಯ ಹೊಸ ಪರ್ಸೊನೆಲ್ ಮ್ಯಾನೇಜರ್ ಬಂದಿದ್ದರು. ಹಬ್ಬದ ಹಿಂದಿನ ದಿನ ನನ್ನನ್ನು ಕರೆಸಿದರು.

"ದೇವರ ಪಿಚ್ಚರಿಗೆ ಹಿಂಗೆಲ್ಲಾ ನಗಾಡೂದು ಚಲೋ ಅಲ್ರಿ. ನಾಳೆ ಓನರ್ ಅವರ ತಾಯಾರು ಬರಾಕತ್ತಾರ. ಮೈಕ್ ಮುಟ್ಟಿದ್ರೆ ನಿಮ್ಮ ಕನ್ಫರ್ಮೇಶನ್ ಮರತುಬಿಡ್ರಿ."

ನಾನಿನ್ನೂ ಕಾಯಂ ಆಗಿರಲಿಲ್ಲ. ನನ್ನ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಮರುದಿನ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತೆ. ಎಲ್ಲರಿಗೂ ಕಾಫಿ ಹಂಚಿದ ಮೇಲೆ ಪಿಚ್ಚರ್ ಸೌಂಡ್ ಸಮೇತ ಓಡಿತು. ಋಷಿ ನಿಂತರು, ಯಾರೂ ನಗಲಿಲ್ಲ. ರಾಕ್ಷಸ ಬಂದ, ಅರ್ಧ ಜನ ಗೊರಕೆ.

ಮುಂದೆ ಓನರ್ ಪಕ್ಕದ ಕುರ್ಚಿಯಲ್ಲಿದ್ದ ಅವರ ತಾಯಿ ಹಿಂದಕ್ಕೆ ತಿರುಗಿದರು. "ಆ ಬಾಯಿಬಡುಕಿ ಎಲ್ಲಿದ್ದಾಳಮ್ಮ? ನನ್ನ ಮಗ ಮನೇಲಿ ಅವಳ ಮಾತು ಹೇಳ್ಕೊಂಡು ನಗ್ತಿರ್ತಾನೆ. ನಾನು ಬಂದಿದ್ದೇ ಅದಕ್ಕೆ."

ಮ್ಯಾನೇಜರ್ ಬಗ್ಗಿ, "ಅಮ್ಮಾರೆ, ನಿಮಗ ಇಷ್ಟದ ಪಿಚ್ಚರ್ ಅಂತ..." ಎಂದರು.

"ಯಾವಾಗಲೋ ಒಂದ್ಸಲ ಚೆನ್ನಾಗಿದೆ ಅಂದಿದ್ದೆ ಕಣಪ್ಪ. ಅದಕ್ಕೆ ವರ್ಷ ವರ್ಷ ಶಿಕ್ಷೆ ಕೊಡೋದಾ?"

ಮ್ಯಾನೇಜರ್ ತಾವೇ ಹೋಗಿ ಸೌಂಡ್ ಬಂದ್ ಮಾಡಿ, ಮೈಕ್ ತಂದು ನನ್ನ ಮುಂದೆ ಹಿಡಿದರು. ನನಗಿನ್ನೂ ಭಯ. "ಅಜ್ಜೀ, ದೇವ್ರಿಗೆ ಬೇಜಾರಾಗಲ್ವಾ?"

"ಅವನೂ ಇದನ್ನ ಎಷ್ಟು ಸಲ ಅಂತ ನೋಡ್ತಾನೆ? ಹೇಳಮ್ಮ, ಅವನೂ ಸ್ವಲ್ಪ ನಗಲಿ."

ದೇವರೇ ಬಂದ

ನನ್ನ ಕೆಲಸ ಆ ತಿಂಗಳೇ ಕಾಯಂ ಆಯಿತು, ಅದಿರಲಿ. ಅವತ್ತು ಆಮೇಲೆ ನಡೆದದ್ದೇ ದೊಡ್ಡದು.

ತೆರೆಯ ಮೇಲೆ ಸೊಸೆ ಬೀಸುವ ಕಲ್ಲಿನ ಮುಂದೆ ಕೂತು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ಕೈ ತಿರುವುತ್ತಿದ್ದಳು. ಅತ್ತೆಗೆ ಏನು ಮಾತು ಕೊಡಲಿ? ಅಜ್ಜಿಯ ಪಕ್ಕದಲ್ಲೇ ಅವರ ಸೊಸೆ, ಅಂದರೆ ಓನರ್ ಹೆಂಡತಿ, ಕೂತಿದ್ದರು. ನಾನು ತಡವರಿಸಿದೆ. ಅಜ್ಜಿ ಕೈ ಚಾಚಿ ಮೈಕ್ ಕಿತ್ತುಕೊಂಡರು.

"ಏನೇ ಇದು, ಹಾಡ್ತಾ ಕೂತ್ರೆ ರಾಗಿ ಬೀಸೋರ್ಯಾರು? ದೇವ್ರು ಬರ್ತಾನಾ?"

ಅಷ್ಟೊತ್ತಿಗೆ ಸರಿಯಾಗಿ ತೆರೆಯ ಮೇಲೆ ದೇವರು ಬಂದು ಬೀಸುವ ಕಲ್ಲಿನ ಗೂಟ ಹಿಡಿದ!

"ಅಯ್ಯೋ, ಬಂದೇಬಿಟ್ಟ!" ಅಜ್ಜಿ ಕುರ್ಚಿಯಿಂದ ಅರ್ಧ ಎದ್ದರು. "ಅಪ್ಪಾ, ಅಲ್ಲಿ ಮುಗಿಸ್ಕೊಂಡು ನಮ್ಮನೆಗೂ ಬಂದುಬಿಡು. ನಮ್ಮ ಸೊಸೆಗೂ ಕೈಗೊಬ್ಬರು ಬೇಕು."

ಓನರ್ ಹೆಂಡತಿ ಮೂರು ವರ್ಷದಲ್ಲಿ ನಮ್ಮ ಮುಂದೆ ಒಂದು ಮಾತೂ ಆಡಿದವರಲ್ಲ. ಮೆಲ್ಲಗೆ ಅತ್ತೆಯ ಕೈಯಿಂದ ಮೈಕ್ ತೆಗೆದುಕೊಂಡರು.

"ನೀನು ಬರೋದು ಬೇಡ ದೇವ್ರೇ. ಇವರ ಮಗನಿಗೆ ಕುಡಿದ ಕಾಫಿ ಲೋಟ ಎತ್ತಿಡೋ ಬುದ್ಧಿ ಕೊಡು, ಸಾಕು."

ನಕ್ಕು ನಕ್ಕು ಕ್ಯಾಂಟೀನ್ ಅಕ್ಕ ನೆಲಕ್ಕೇ ಕೂತುಬಿಟ್ಟಳು. ಓನರ್ ಕಿವಿ ಕೆಂಪಾಯಿತು. ಕುರ್ಚಿ ಕೆಳಗಿಟ್ಟಿದ್ದ ಲೋಟ ಎತ್ತಿಕೊಂಡು ನಲ್ಲಿ ಕಡೆ ನಡೆದರು. ಓನರೇ ಎದ್ದ ಮೇಲೆ ಮ್ಯಾನೇಜರ್ ಕೂತಿರುವುದು ಹೇಗೆ? ಅವರೂ ಎದ್ದರು. ಅವರ ಹಿಂದೆ ಸೂಪರ್‌ವೈಸರ್. ಅವರ ಹಿಂದೆ ಕಾರ್ಖಾನೆಯ ಅಷ್ಟೂ ಗಂಡಸರು ಲೋಟ ಹಿಡಿದು ಸಾಲುಗಟ್ಟಿದರು.

ಕ್ಯಾಂಟೀನ್ ಅಕ್ಕ ಕಣ್ಣೊರೆಸಿಕೊಂಡು ಆ ಸಾಲನ್ನು ನೋಡಿ ಕೈ ಮುಗಿದಳು.

"ಟೀವಿ ಆಫ್ ಮಾಡ್ರಪ್ಪೋ. ಪವಾಡ ಇಲ್ಲೇ ಆಗೋಯ್ತು."